ಹನ್ನೆರಡೂವರೆ ಸುತ್ತು

ಹಿಡಿ ಇದನ್ನು, ದಿವಿನ್. ಎರಡೂ ಕೈಯಲ್ಲಿ.
ಕಬ್ಬಿಣ ಈ ಹೊತ್ತಿಗೆ ಕಚ್ಚುತ್ತದೆ.
ಏಪ್ರಿಲ್ ಆದರೇನು, ಮಡಿಕೇರಿಯ ರಾತ್ರಿ ಮೂರು ಗಂಟೆಗೆ
ತಿಂಗಳು ಯಾವುದೆಂದು ಗೊತ್ತಾಗುವುದಿಲ್ಲ.
ಚಪ್ಪಡಿ ಎತ್ತು. ಚೇಳು ಇದ್ದರೆ ಇರಲಿ, ಅದರ ಮನೆ.
ಕೀಲಿ ಕೂರಿಸು. ಈಗ ತಿರುಗಿಸು, ಬಾಯಿಬಿಟ್ಟು ಎಣಿಸು.

ಮಹದೇವಪೇಟೆಗೆ ಒಂಬತ್ತು.
ಗಣಪತಿ ಬೀದಿಗೆ ಏಳು ಸಾಕು, ಇಳಿಜಾರು, ತಾನೇ ಓಡುತ್ತದೆ.
ಆಸ್ಪತ್ರೆಯ ವಾಲ್ವು ಮುಟ್ಟಲೇಬೇಡ,
ಕೌನ್ಸಿಲರು ಬಂದು ತಲೆಮೇಲೆ ನಿಂತರೂ.
ಈ ದಿಬ್ಬದ ಲೈನಿಗೆ ಹನ್ನೆರಡೂವರೆ.

ಆ ಅರ್ಧ ಯಾಕೆಂದು ನಾನೂ ಕೇಳಿದ್ದೆ,
ಈ ಕೀಲಿ ಕೊಟ್ಟ ಐತಪ್ಪಣ್ಣನನ್ನು.
ಬೀಡಿ ಆರಿಸಿ ಹೇಳಿದ:
ಹನ್ನೆರಡು ಪೈಪಿಗೆ, ಅರ್ಧ ದಿಬ್ಬಕ್ಕೆ.
ಆಫೀಸಿನ ಪುಸ್ತಕದಲ್ಲಿ ದಿಬ್ಬ ಬರೆದಿಲ್ಲ, ಮಾರಾಯ.
ನೀರಿಗೆ ಇಳಿಯುವುದು ಮಾತ್ರ ಗೊತ್ತು,
ಹತ್ತುವುದನ್ನು ನಾವೇ ಕಲಿಸಬೇಕು, ದಿನಾ, ಮೊದಲಿಂದ.

ಕಾವೇರಿಯ ತವರು ಎನ್ನುತ್ತಾರೆ ನಮ್ಮನ್ನು.
ಇರಬಹುದು. ತವರಿನಲ್ಲೀಗ ಕೂಟುಹೊಳೆ
ಮೊಣಕಾಲು ಬಿಟ್ಟು ಪಾದಕ್ಕೆ ಇಳಿದಿದೆ.
ಮೇಲಿನ ತೋಟದವರು ಪಂಪು ಇಟ್ಟಿದ್ದಾರೆ,
ಹೂಮಳೆ ಕೈಕೊಟ್ಟರೂ ಕಾಫಿಗೆ ಹೂ ಬರಿಸಲೇಬೇಕಲ್ಲ.
ಗಾಳಿಯಲ್ಲಿ ಆ ಪರಿಮಳ ಬಂತೋ,
ಟ್ಯಾಂಕಿನ ಗೆರೆ ಒಂದಡಿ ಕೆಳಗೆ.
ಮೂಗಿಗೆ ಹಬ್ಬ, ನಲ್ಲಿಗೆ ಕೆಮ್ಮು.

ಅದರ ಮೇಲೆ ಶುಕ್ರವಾರದ ರಜೆ, ಶನಿವಾರ, ಭಾನುವಾರ.
ರಾಜಾಸೀಟಿನವರೆಗೂ ಕಾರು.
ಮೂರು ಕೋಣೆಯ ಹೋಂಸ್ಟೇಯಲ್ಲಿ ಹದಿನಾರು ಜನ,
ಬಂದಕೂಡಲೇ ಸ್ನಾನ,
ಜಲಪಾತ ನೋಡಿ ಬಂದು ಮತ್ತೆ ಸ್ನಾನ.
ತಪ್ಪೆನ್ನುವುದಿಲ್ಲ, ದುಡ್ಡು ಕೊಟ್ಟು ಬಂದವರು.
ನನ್ನ ತಂಗಿ ಅಲ್ಲೇ ಬೆಡ್‌ಶೀಟ್ ಒಗೆಯುತ್ತಾಳೆ,
ಒಗೆಯುವ ನೀರು ನಾನು ಬಿಟ್ಟದ್ದು.

ನಿನಗೂ ಕೊಡುತ್ತಾರೆ, ನೋಡುತ್ತಿರು.
ನನಗೆ ಒಬ್ಬ ಮೇಡಂ ಕೊಟ್ಟರು, ಪೇಪರು ಸುತ್ತಿ,
ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು.
'ಮೂರೇ ದಿನ, ಜತ್ತಪ್ಪ. ಸ್ವಲ್ಪ ನಮ್ಮ ಕಡೆ ತಿರುಗಿಸು.'
ಸ್ವಲ್ಪ ಎಂದರೆ ಎಷ್ಟು?
ನನ್ನ ಹತ್ತಿರ ಚಿಲ್ಲರೆ ಇದ್ದದ್ದು ಆ ಅರ್ಧ ಒಂದೇ.

ಕೊಟ್ಟೆ. ವೈನೂ ಕುಡಿದೆ.
ಚೆನ್ನಾಗಿತ್ತು, ಸುಳ್ಳೇಕೆ.

ದಿಬ್ಬದ ಕೊನೆಗೆ, ನೀಲಿ ಶೀಟಿನದು, ಆಸ್ಯಮ್ಮನ ಮನೆ.
ರಾತ್ರಿ ನಲ್ಲಿ ತೆರೆದಿಟ್ಟು
ಅದರಡಿ ಅಲ್ಯುಮಿನಿಯಂ ಪಾತ್ರೆ ಬೋರಲು ಹಾಕಿ ಮಲಗುತ್ತಾಳೆ.
ಮೊದಲ ಹನಿ ಬಿದ್ದರೆ ಟಣ್.
ಅವಳಿಗೆ ಅದು ಅಲಾರಂ, ನನಗೆ ಅದೇ ಮೀಟರು.
ಮಂಜಿನಲ್ಲಿ ಕಣ್ಣಿಗೆ ಕೆಲಸವಿಲ್ಲ,
ಟಣ್ ಎಂದಿತೋ, ಹತ್ತಿತು ಎಂದುಕೊಂಡು ಇಲ್ಲೇ ಕೂತು
ಒಂದು ಬೀಡಿ ಹಚ್ಚುತ್ತೇನೆ.

ಮೂರು ರಾತ್ರಿ ಟಣ್ ಇಲ್ಲ.
ನಾಲ್ಕನೇ ಬೆಳಿಗ್ಗೆ ಎದುರಾದಳು,
ಕೆಳಗಿನ ಬಾವಿಯಿಂದ, ಎರಡು ಕೊಡ. ಬೈಯಲಿಲ್ಲ.
ಎಂದಿನ ಹಾಗೆ ಜಗಲಿಗೆ ಕರೆದು ಕಾಫಿ ಕೊಟ್ಟಳು.
ಅರ್ಧ ಲೋಟ.
ಬೆಲ್ಲ ಸರಿಯಿತ್ತು, ಬಿಸಿ ಸರಿಯಿತ್ತು, ನಗುವೂ ಇತ್ತು.
ಅರ್ಧ ಲೋಟ.

ಕುಡಿದು ಮುಗಿಸಲು ಬಹಳ ಹೊತ್ತು ಹಿಡಿಯಿತು.

ಹೂಂ, ಎಲ್ಲಿಗೆ ಬಂತು ಲೆಕ್ಕ? ಹನ್ನೊಂದಾ?
ಹನ್ನೆರಡಕ್ಕೆ ಕೀಲಿ ಬಿಗಿಯುತ್ತದೆ, ಸಾಕು ಎನ್ನುತ್ತದೆ,
ರಟ್ಟೆಯೂ ಹೌದು ಎನ್ನುತ್ತದೆ. ನಂಬಬೇಡ.
ಕಾಲು ಊರು. ಇನ್ನೂ.
ಹಾಂ.

ಈಗ ಮಾತಾಡಬೇಡ.
ಆ ನಾಯಿ ಸುಮ್ಮನಾಗಲಿ.
ಬಸ್‌ಸ್ಟ್ಯಾಂಡಿನ ಕಡೆ ಯಾವುದೋ ಟೆಂಪೋ, ಅದೂ ಹೋಗಲಿ.

ಕೇಳಿಸಿತಾ?
ನನಗೆ ಈಚೆಗೆ ಕಿವಿ ಅಷ್ಟಕ್ಕಷ್ಟೇ.
ಅದಕ್ಕೇ ನಿನ್ನನ್ನು ಕರೆದದ್ದು.